ಊಟದ ಹೊತ್ತಿಗೆ ಬಾಗಿಲು ದಾಟಿದ ಪೆಟ್ಟಿಗೆಗಳು

"ಇನ್ನೊಂದ್ಸಲ ಹೋಗ್ಬನ್ನಿ ಮೇಡಂ."

ಇದು ಏಳನೆಯ ಸಲ. ಶೂ ಪೆಟ್ಟಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದಿದ್ದ ಗೋದಾಮಿನ ಉಸ್ತುವಾರಿಯ ತಾಳ್ಮೆ ತೀರುತ್ತ ಬಂದಿತ್ತು.

"ನಾನೇನು ನಿಮ್ಮ ಕಣ್ಣಿಗೆ ತಳ್ಳುಗಾಡಿ ಥರ ಕಾಣಿಸ್ತೀನಾ?"

ಏಣಿಯ ಮೇಲೆ ನಿಂತು ಬಾಗಿಲಿಗೆ, ಪೆಟ್ಟಿಗೆಗಳ ರೇಡಿಯೋ ಟ್ಯಾಗ್ ಓದುವ ರೀಡರ್ ಕೂರಿಸುತ್ತಿದ್ದ ಎಂಜಿನಿಯರ್ ಕೆಳಗೆ ನೋಡಿದ.

"ತಳ್ಳುಗಾಡೀಲಿ ಇಟ್ಟಾಗ ಸರಿಯಾಗಿ ಓದ್ತು. ನೀವು ಮೈಗೆ ಒತ್ತಿ ಹಿಡ್ಕೊಂಡ್ರೆ ಓದ್ತಾ ಇಲ್ಲ. ಮನುಷ್ಯರ ಮೈಯಲ್ಲಿ ನೀರು ಜಾಸ್ತಿ, ರೇಡಿಯೋ ಅಲೆ ಅಲ್ಲೇ ಇಂಗಿಹೋಗುತ್ತೆ. ಸ್ವಲ್ಪ ದೂರ ಹಿಡೀರಿ."

ಅವಳು ದೂರ ಹಿಡಿದಳು. ರೀಡರ್ ಬೀಪ್ ಎಂದಿತು. ಪೆಟ್ಟಿಗೆಗೆ ಅಂಟಿಸಿದ್ದ ಟ್ಯಾಗಿನ ನಂಬರು ಪರದೆಯ ಮೇಲೆ ಮೂಡಿತು. ಅವನು ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂಬುದನ್ನು ತಾನು ಗಮನಿಸಲೇ ಇಲ್ಲ ಎಂದು ಅವಳು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ವಾರ ಕಳೆಯುವಷ್ಟರಲ್ಲಿ ಗೋದಾಮಿನವರು ಅವನಿಗೆ 'ಬೀಪ್ ಸಾರ್' ಎಂದು ಹೆಸರಿಟ್ಟಾಗಿತ್ತು. ಬೀಪ್ ಸಾರ್ ಕ್ಯಾಂಟೀನಿನಲ್ಲಿ ಅವಳ ಎದುರಿನ ಕುರ್ಚಿಯನ್ನೇ ಹುಡುಕಿಕೊಂಡು ಬರುತ್ತಿದ್ದ. ಅವಳ ಡಬ್ಬಿಯೂ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು.

"ಎರಡಾಳಿನ ಊಟ ತಗೊಂಡು ಹೋಗ್ತೀಯ, ಮೈ ಮಾತ್ರ ಹಿಡೀತಿಲ್ಲವಲ್ಲೇ," ಎಂದು ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಕಾಲೆಳೆದಳು.

"ಕೆಲಸ ಜಾಸ್ತಿ ಚಿಕ್ಕಮ್ಮ."

"ಹೂಂ, ಹೂಂ. ಕೆಲಸದ ಎತ್ತರ ಎಷ್ಟು?"

ಅವಳು ನಾಚಿ ಬಚ್ಚಲುಮನೆಗೆ ಓಡಿದಳು.

ಒಂದು ಬುಧವಾರ ಮಧ್ಯಾಹ್ನ ಮ್ಯಾನೇಜರ್ ಅವಳನ್ನು ಕೋಣೆಗೆ ಕರೆದು ಒಂದು ಪಟ್ಟಿಯನ್ನು ಮುಂದಿಟ್ಟರು. ಮೂರು ವಾರಗಳಲ್ಲಿ ನಲವತ್ತೊಂದು ಪೆಟ್ಟಿಗೆಗಳು ಹೊರಬಾಗಿಲು ದಾಟಿದ್ದವು. ಎಲ್ಲವೂ ಊಟದ ಹೊತ್ತಿನಲ್ಲಿ, ಲಾರಿಯೇ ಇಲ್ಲದಾಗ. ಪ್ರತಿ ಸಲವೂ ಅದೇ ನಿಮಿಷಕ್ಕೆ ಅವಳ ಗುರುತಿನ ಕಾರ್ಡೂ ಅದೇ ಬಾಗಿಲು ದಾಟಿತ್ತು.

"ಸಾರ್, ನಾನು ಆ ಬಾಗಿಲಿಂದ ಕ್ಯಾಂಟೀನಿಗೆ ಹೋಗ್ತೀನಿ. ಬರಿಗೈಯಲ್ಲಿ."

"ಯಂತ್ರ ಹಾಗೆ ಹೇಳ್ತಿಲ್ಲಮ್ಮ. ವಿಚಾರಣೆ ಮುಗಿಯೋವರೆಗೂ ಮನೇಲಿರಿ."

"ಈ ಪಟ್ಟಿ ಕೊಟ್ಟಿದ್ದು ಯಾರು?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. "ಬೀಪ್ ಸಾರ್."

ಹನ್ನೊಂದು ವರ್ಷ ಒಂದು ಜೊತೆ ಶೂ ಕೂಡ ಹೆಚ್ಚುಕಡಿಮೆಯಾಗದಂತೆ ನೋಡಿಕೊಂಡಿದ್ದವಳು ಅವಳು. ಈಗ ಎಲ್ಲರೆದುರು ಕಳ್ಳಿಯ ಹಾಗೆ ಚೀಲ ತೆಗೆದುಕೊಂಡು ಹೊರಟಳು. ದಿನಾ ಕೆಲಸಕ್ಕೆ ತೊಡುತ್ತಿದ್ದ ನೀಲಿ ಕೋಟು ಗೂಟದಲ್ಲೇ ಉಳಿಯಿತು. ಕಂಪ್ಯೂಟರಿನ ಮುಂದಿದ್ದ ಅವನು ಎದ್ದು ನಿಂತು, "ಮೇಡಂ..." ಎಂದ. ಅವಳು ತಿರುಗಿ ನೋಡಲಿಲ್ಲ.

"ಅವನು ನಿನ್ನನ್ನ ಕಳ್ಳಿ ಅಂದ್ನಾ?" ಎಂದು ಮನೆಯಲ್ಲಿ ಚಿಕ್ಕಮ್ಮ ಕೇಳಿದಳು.

"ಅನ್ನಲಿಲ್ಲ. ಪಟ್ಟಿ ಕೊಟ್ಟ."

"ಒಂದು ಮಾತು ನಿನ್ನನ್ನ ಕೇಳ್ಲಿಲ್ವಾ?"

"ಇಲ್ಲ."

ಕೆಲಸ ಹೋದರೆ ಏನು ಗತಿ ಎಂಬ ಭಯ ಇದ್ದೇ ಇತ್ತು. ಆದರೆ ಅವಳ ಊಟ ಬಿಡಿಸಿದ್ದು ಅದಲ್ಲ. ದಿನಾ ಎದುರು ಕೂತು ಊಟ ಮಾಡಿದವನು ಕೇಳಲೇ ಇಲ್ಲವಲ್ಲ... ಆ ನೋವು. ಅವಳು ಅತ್ತಳು, ಅತ್ತಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಮಾಡಿಕೊಂಡಳು.

ಐದನೆಯ ದಿನ ಮ್ಯಾನೇಜರ್ ಫೋನ್ ಮಾಡಿ ಕರೆಸಿಕೊಂಡರು. ಹೊರಬಾಗಿಲ ಬಳಿ ಎಲ್ಲರೂ ಸೇರಿದ್ದರು. ನಡುವೆ ಬೀಪ್ ಸಾರ್, ಅವಳ ನೀಲಿ ಕೋಟು ತೊಟ್ಟು ನಿಂತಿದ್ದ. ತೋಳು ಮೊಣಕೈಗೇ ಮುಗಿದಿತ್ತು. ಯಾರೋ ಕಿಸಕ್ಕೆಂದರು.

"ನನ್ನ ಕೈ ನೋಡಿ, ಖಾಲಿ," ಎಂದು ಹೇಳಿ ಅವನು ಬಾಗಿಲು ದಾಟಿದ.

ರೀಡರ್ ಒಂಬತ್ತು ಸಲ ಕೂಗಿತು. ಒಂಬತ್ತು ಪೆಟ್ಟಿಗೆ ಹೊರಹೋದವು ಎಂದು ಪರದೆ ತೋರಿಸಿತು. ಅವನು ಮೈಗೆ ತಾಗದೆ ಜೋತುಬಿದ್ದಿದ್ದ ಕೋಟಿನ ಜೇಬಿಗೆ ಕೈ ಹಾಕಿ ಸುಕ್ಕಾದ ಒಂಬತ್ತು ಟ್ಯಾಗುಗಳನ್ನು ಹೊರತೆಗೆದ.

ಆಗ ಅವಳಿಗೆ ಹೊಳೆಯಿತು. ಹರಿದ ಪೆಟ್ಟಿಗೆಯನ್ನು ಬದಲಿಸಿದಾಗ ಹಳೆಯ ಚೀಟಿ ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಶನಿವಾರ ಒಟ್ಟಿಗೆ ಕಸಕ್ಕೆ ಎಸೆಯುವುದು ಕಾಗದದ ಚೀಟಿಯ ಕಾಲದಿಂದ ಬಂದ ಅವಳ ರೂಢಿ. ಚೀಟಿಯ ಜಾಗಕ್ಕೆ ಟ್ಯಾಗ್ ಬಂದಿತ್ತು, ಕೈ ಮಾತ್ರ ರೂಢಿ ಬಿಟ್ಟಿರಲಿಲ್ಲ.

"ಕಿತ್ತ ಟ್ಯಾಗೂ ತನ್ನ ನಂಬರು ಹೇಳ್ತಾನೇ ಇರುತ್ತೆ," ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. "ಅದನ್ನ ಕಂಪ್ಯೂಟರಲ್ಲಿ ರದ್ದು ಮಾಡಿ ಕತ್ತರಿಸಬೇಕು ಅಂತ ನಾನು ಇಲ್ಲಿ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಲವತ್ತೊಂದು ಜೊತೆ ಶೂನೂ ಒಳಗೇ ಇವೆ, ಹೊಸ ಟ್ಯಾಗಿನಲ್ಲಿ. ನಿನ್ನೆ ನಾವೇ ಇಳಿಸಿ ನೋಡಿದ್ವಿ. ತಪ್ಪು ನನ್ನದು."

ಮ್ಯಾನೇಜರ್ ಅವಳ ಮುಂದೆ ಬಂದು ಕ್ಷಮೆ ಕೇಳಿದರು. ಅವಳು ತಲೆಯಾಡಿಸಿ, ಕೋಟು ಇಸಿದುಕೊಂಡು ಒಳಗೆ ನಡೆದಳು. ಬೀಪ್ ಸಾರ್ ಹಿಂದೆಯೇ ಬಂದ.

"ಒಂದು ಮಾತು ನನ್ನನ್ನ ಕೇಳಬಹುದಿತ್ತು," ಎಂದಳು, ಮುಖ ತಿರುಗಿಸದೆ.

"ಬೇರೆ ಯಾರೇ ಆಗಿದ್ರೂ ಕೇಳ್ತಿದ್ದೆ."

"ನಾನೇನು ಪಾಪ ಮಾಡಿದ್ದೆ?"

"ನಿಮ್ಮ ಮೇಲೆ ಮನಸಿತ್ತು. ನೀವೇನು ಹೇಳಿದ್ರೂ ನಂಬಿಬಿಡ್ತೀನಿ ಅಂತ ಗೊತ್ತಿತ್ತು. ಪಕ್ಷಪಾತ ಆಗುತ್ತೆ ಅಂತ ಹೆದರಿ ಕೇಳ್ದೇನೇ ಪಟ್ಟಿ ಕಳಿಸ್ದೆ. ನ್ಯಾಯವಾಗಿ ನಡ್ಕೋಬೇಕು ಅಂತ ಹೋಗಿ ನಿಮಗೇ ಅನ್ಯಾಯ ಮಾಡ್ದೆ."

ಇವನಿಗೆಂದೇ ಮನೆಯಲ್ಲಿ ನಾಲ್ಕು ದಿನ ಕೂತು ಜೋಡಿಸಿಟ್ಟ ಮಾತುಗಳಿದ್ದವು. ಬಾಯಿಗೆ ಬಂದದ್ದು ಒಂದೇ.

"ನಂಗೆ ಇನ್ನೂ ಕೋಪ ಇದೆ."

"ಇರಲಿ. ಇಲ್ಲಿ ನನ್ನ ಕೆಲಸ ಮುಗಿದ್ರೂ ಬಂದು ಬೈಸ್ಕೋತೀನಿ."

"ಇನ್ನು ಮುಂದೆ ನನ್ನ ವಿಷಯ ಏನೇ ಇದ್ರೂ ಮೊದಲು ನನ್ನನ್ನೇ ಕೇಳ್ಬೇಕು."

"ಕೇಳ್ತೀನಿ."

ಅವಳು ಕಾದಳು.

"ಕೇಳಿ ಮತ್ತೆ."

"ನನ್ನನ್ನ ಮದುವೆ ಆಗ್ತೀರಾ?"

ಅವಳ ಕೈಯಲ್ಲಿದ್ದ ಕೋಟು ಜಾರಿತು. "ಊಟಕ್ಕೆ ಕರೀತೀರೇನೋ ಅಂದ್ಕೊಂಡಿದ್ದೆ ನಾನು..."

ಅವನ ಕಿವಿ ಕೆಂಪಾಯಿತು. "ಹಾಗಾದ್ರೆ... ಊಟಕ್ಕೆ ಬರ್ತೀರಾ?"

"ಎರಡಕ್ಕೂ ಹೂಂ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಮೊದಲು ಊಟ. ನಾಲ್ಕು ದಿನದಿಂದ ನೆಟ್ಟಗೆ ತಿಂದಿಲ್ಲ."

"ನಾನೂ ತಿಂದಿಲ್ಲ," ಎಂದ ಅವನು.