ಮೈಕ್ ಆನ್ ಇತ್ತಾ...?

"ಉಸಿರು ಬಿಡಿ."

ಅವನು ಇಂಗ್ಲಿಷಿನಲ್ಲಿ ಹೇಳಿದ್ದು ಅಷ್ಟೇ. ಆದರೆ ಗುಬ್ಬಿಗೆ ಉಸಿರು ಬಿಡುವುದು ಹೇಗೆ ಎಂಬುದೇ ಮರೆತುಹೋಗಿತ್ತು!

ವೇದಿಕೆಯ ಪಕ್ಕದ ಕತ್ತಲೆಯಲ್ಲಿ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಅವಳ ಕಾಲರಿಗೆ ಪುಟ್ಟ ಮೈಕ್ ಸಿಕ್ಕಿಸುತ್ತಿದ್ದ. ಅವನ ಬೆರಳುಗಳು ಅವಳ ಗಂಟಲಿನ ಹತ್ತಿರದಲ್ಲೇ ಇದ್ದವು. ಪರದೆಯ ಆಚೆ ನೂರಾರು ಜನ ಕುರ್ಚಿ ಎಳೆದುಕೊಂಡು ಕೂರುವ ಸದ್ದು ಕೇಳಿಸುತ್ತಿತ್ತು.

"ಅಯ್ಯೋ... ನಾನು ಹೋಗಲ್ಲ, ಹೋಗಲ್ಲ ಅಂತ ಬಡ್ಕೊಂಡೆ. ಕೇಳಿದ್ಲಾ ಆ ಮಹಾತಾಯಿ!" ಅವಳು ತನ್ನಷ್ಟಕ್ಕೆ ತಾನೇ ಗೊಣಗಿದಳು.

"ಯಾವ ಮಹಾತಾಯಿ?"

ಗುಬ್ಬಿ ಬೆಚ್ಚಿಬಿದ್ದಳು! ಗೊಣಗಿದ್ದು ಮನೆಮಾತಿನಲ್ಲಿ. ಈ ಪರದೇಶದಲ್ಲಿ ಅದು ಯಾರಿಗೆ ತಿಳಿಯಬೇಕು ಎಂಬ ಧೈರ್ಯದಲ್ಲಿ!

"ನಿಮ್ಗೆ... ನಮ್ಮ ಭಾಷೆ ಬರುತ್ತಾ?"

"ಹುಟ್ಟಿದಾಗಿಂದ." ಅವನು ನಕ್ಕ. "ನಮ್ಮ ಸೌಂಡ್ ಟೀಮಲ್ಲಿ ಇನ್ಯಾರಿಗೂ ಬರಲ್ಲ. ಬೈಯೋದಿದ್ರೆ ಧಾರಾಳವಾಗಿ ಬೈಯಿರಿ."

ಅವಳ ಸೊಂಟದ ಬೆಲ್ಟಿಗೆ ಮೈಕಿನ ಪುಟ್ಟ ಪೆಟ್ಟಿಗೆಯನ್ನು ಸಿಕ್ಕಿಸಿ ಹೇಳಿದ, "ಇದನ್ನ ಮುಟ್ಟೋಕೆ ಹೋಗ್ಬೇಡಿ. ನೀವು ವೇದಿಕೆ ಹತ್ತಿದ ಮೇಲೆ ಹಾಲ್‌ಗೆ ಧ್ವನಿ ಬಿಡೋದು ನನ್ನ ಕೆಲಸ. ಅಲ್ಲೀತನಕ ಅಲ್ಲಿ ಕೂತವರಿಗೆ ಏನೂ ಕೇಳಿಸಲ್ಲ."

ಆ ಮಾತು ಕೇಳಿ ಗುಬ್ಬಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಪೆಟ್ಟಿಗೆಯ ಮೇಲೆ ಹೊಳೆಯುತ್ತಿದ್ದ ಹಸಿರು ದೀಪದ ಬಗ್ಗೆ ಅವಳು ಕೇಳಲೇ ಇಲ್ಲ.

ಗುಬ್ಬಿ ಎಂಬುದು ಅಕ್ಕ ಇಟ್ಟ ಹೆಸರು. ಯಾರಾದರೂ ಜೋರಾಗಿ ಕೆಮ್ಮಿದರೂ ಪುರ್ರೆಂದು ಒಳಮನೆ ಸೇರುತ್ತಿದ್ದ ಹುಡುಗಿಗೆ ಬೇರೆ ಇನ್ನಾವ ಹೆಸರು ಒಪ್ಪೀತು? ಬೆಳೆದ ಮೇಲೆ ಅವಳಿಗೆ ಸಿಕ್ಕಿದ್ದೂ ಮಾತಿಲ್ಲದ ಕೆಲಸವೇ. ಡೇಟಾಬೇಸ್ ಕಟ್ಟುವುದು. ಜನ ಕೊಟ್ಟ ಮಾಹಿತಿ ಯಾವ ಕಾರಣಕ್ಕೂ ಕಳೆದುಹೋಗದಂತೆ ಮೂರು ಯಂತ್ರಗಳಲ್ಲಿ ಒಟ್ಟಿಗೆ ಬರೆದಿಡುವುದು. ಒಂದು ಸತ್ತರೂ ಉಳಿದ ಎರಡು ಕೆಲಸ ಮುಂದುವರಿಸಬೇಕು. ಭಯಸ್ಥರಿಗೆ ಹೇಳಿ ಮಾಡಿಸಿದ ಕೆಲಸ!

ಅವಳ ಪಾಡಿಗೆ ಅವಳನ್ನು ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಟೀಮಿನ ಮೇಡಂ, ಅಂದರೆ ಆ ಮಹಾತಾಯಿ, ಹಟ ಹಿಡಿದುಬಿಟ್ಟರು. "ಕಟ್ಟಿದವಳು ನೀನು, ಹೇಳ್ಬೇಕಾದವಳೂ ನೀನೇ. ಒಂದು ವರ್ಷ, ಎಲ್ಲಾ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಹೋಗು. ಕೊನೇದು ಮುಖ್ಯ ವೇದಿಕೆ. ಅಲ್ಲಿ ನೀನು ಬಾಯಿ ಬಿಡ್ಲಿಲ್ಲ ಅಂದ್ರೆ ನಾವು ಮಾಡಿದ್ದೆಲ್ಲ ಮೂಲೆ ಸೇರುತ್ತೆ, ನೆನಪಿಟ್ಕೋ!"

ಹಾಗಾಗಿ ಇವತ್ತು ಇಲ್ಲಿ!

ಬೆಳಕು ಮುಖಕ್ಕೆ ಹೊಡೆದಾಗ ಅವಳಿಗೆ ತನ್ನ ಮೊದಲ ವಾಕ್ಯವೇ ಮರೆತುಹೋಯಿತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಅಷ್ಟು ದೂರದಲ್ಲಿ, ಸಭಾಂಗಣದ ಕಟ್ಟಕಡೆಯಲ್ಲಿ, ಸೌಂಡಿನ ಮೇಜಿನ ಹಿಂದೆ ಅವನು ಎದ್ದುನಿಂತ. ಹೆಡ್‌ಫೋನ್ ಹಾಕಿಕೊಂಡೇ, ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿದ.

'ಉಸಿರು ಬಿಡು ಅಂತಿದಾನೆ...'

ಬಿಟ್ಟಳು. ಮಾತು ಬಂತು. ನಡುಗುತ್ತಾ, ಎಡವುತ್ತಾ, ಆದರೂ ಬಂತು. ಕೊನೆಗೆ ಎಲ್ಲರೆದುರು ಮೂರರಲ್ಲಿ ಒಂದು ಯಂತ್ರದ ವೈರನ್ನು ತಾನೇ ಕಿತ್ತಳು. ಪರದೆಯ ಮೇಲಿನ ಲೆಕ್ಕ ನಿಲ್ಲದೆ ಓಡಿತು. ಚಪ್ಪಾಳೆ!

ಅವಳು ಇಳಿದು ಬಂದು ನೇರ ಶೌಚಾಲಯಕ್ಕೆ ಓಡಿ ವಾಂತಿ ಮಾಡಿಕೊಂಡಳು ಎಂಬುದು ಬೇರೆ ಮಾತು.

*

ಆ ವರ್ಷ ಹಾಗೇ ನಡೆಯಿತು. ಒಂದು ವಿಮಾನ ನಿಲ್ದಾಣ, ಇನ್ನೊಂದು ವಿಮಾನ ನಿಲ್ದಾಣ. ಎಲ್ಲ ಹೋಟೆಲ್‌ಗಳಲ್ಲೂ ಒಂದೇ ಬಣ್ಣದ ಪರದೆ, ಒಂದೇ ವಾಸನೆಯ ಸಾಬೂನು. ಕುತ್ತಿಗೆಗೆ ನೇತುಹಾಕಿದ ಗುರುತಿನ ಚೀಟಿ. ಪ್ರಶ್ನೆ ಕೇಳುವ ನೆಪದಲ್ಲಿ ತಾವೇ ಭಾಷಣ ಮಾಡುವ ಗಡ್ಡದ ಮಹಾಶಯರು.

ಮತ್ತೆ ಅವನು. ಈ ಸಮ್ಮೇಳನಗಳನ್ನೆಲ್ಲ ನಡೆಸುವ ಕಂಪನಿಯ ಜೊತೆ ಊರೂರು ತಿರುಗುವ ಸೌಂಡಿನವನು.

ಪ್ರತಿ ಸಲ ಮೈಕ್ ಸಿಕ್ಕಿಸಿದ ಮೇಲೆ ಗುಬ್ಬಿ ಹಿಂದಿನ ಓಣಿಗೋ ಶೌಚಾಲಯಕ್ಕೋ ಹೋಗಿ ಅಕ್ಕನಿಗೆ ಫೋನ್ ಮಾಡುತ್ತಿದ್ದಳು, ಅಳುತ್ತಿದ್ದಳು, ಮುಖ ತೊಳೆದು ಬರುತ್ತಿದ್ದಳು. ಪ್ರತಿ ಸಲವೂ ವೇದಿಕೆಯ ಮೆಟ್ಟಿಲ ಬಳಿ ಬಿಸಿನೀರಿನ ಲೋಟ ಹಿಡಿದು ಅವನು ನಿಂತಿರುತ್ತಿದ್ದ.

"ನಂಗೆ ಗಂಟಲು ಕಟ್ಟಿದೆ ಅಂತ ನಿಮ್ಗೆ ಹ್ಯಾಗೆ ಗೊತ್ತಾಯ್ತು?"

"ಅಂದಾಜು..." ಎಂದು ಅವನು ಕಣ್ಣು ತಪ್ಪಿಸುತ್ತಿದ್ದ.

ಸಭೆ ಮುಗಿದ ಮೇಲೆ ಇಬ್ಬರೂ ಖಾಲಿ ಕುರ್ಚಿಗಳ ನಡುವೆ ಕೂತು ಬ್ರೆಡ್ಡು ತಿನ್ನುತ್ತಾ ಹರಟುತ್ತಿದ್ದರು. ಅವನು ಧ್ವನಿಗಳ ಬಗ್ಗೆ ಹೇಳುತ್ತಿದ್ದ. ಸುಳ್ಳು ಹೇಳುವವರು ನಾಲಿಗೆ ಒಣಗಿ ಚಪ್ಪರಿಸುತ್ತಾರಂತೆ, ಜಂಬದವರು ಮೈಕನ್ನು ತಟ್ಟಿ ನೋಡುತ್ತಾರಂತೆ.

"ಮತ್ತೆ ನಾನು?"

"ನೀವು ಹೆದರಿದಾಗ ವಾಕ್ಯದ ಕೊನೆ ನುಂಗ್ತೀರಿ. ನಾನು ಆಗ ಧ್ವನಿ ಒಂಚೂರು ಏರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಆ ರಾತ್ರಿ ಗುಬ್ಬಿಗೆ ನಿದ್ದೆ ಬರಲಿಲ್ಲ. ತಾನು ನುಂಗಿದ್ದನ್ನು ಕೂಡ ಎತ್ತಿಕೊಡುವವನೊಬ್ಬ ಇದ್ದಾನೆ! ಎಂಥ ಖುಷಿ... ಅದರ ಬೆನ್ನಿಗೇ ಎಂಥ ಭಯ! ಒಂದು ದಿನ ಅವನು ಆ ಮೇಜಿನ ಹಿಂದೆ ಇಲ್ಲದಿದ್ದರೆ? ವರ್ಷ ಮುಗಿದ ಮೇಲೆ?

ಭಯ ಕಡಿಮೆಯಾಗಿರಲಿಲ್ಲ ಓದುಗರೇ, ಮನೆ ಬದಲಾಯಿಸಿತ್ತು ಅಷ್ಟೇ. ಮೊದಲು ಹೊಟ್ಟೆಯಲ್ಲಿತ್ತು. ಈಗ ಎದೆಗೆ ಬಂದು ಕೂತಿತ್ತು.

*

ಕೊನೆಯದಕ್ಕಿಂತ ಹಿಂದಿನ ಸಮ್ಮೇಳನ. ಶೌಚಾಲಯದ ಬಾಗಿಲು ಹಾಕಿಕೊಂಡು ಗುಬ್ಬಿ ಫೋನಿನಲ್ಲಿ ಬಿಕ್ಕಿದಳು.

"ಅಕ್ಕಾ..."

"ಏನೇ, ಮತ್ತೆ ವಾಂತಿನಾ?"

"ಅಲ್ಲ ಕಣೇ. ನಂಗೆ... ಆ ಸೌಂಡಿನವರು ಅಂದ್ರೆ ಇಷ್ಟ. ತುಂಬಾ ಇಷ್ಟ."

"ಅದನ್ನ ನಂಗ್ಯಾಕೆ ಹೇಳ್ತೀಯಾ? ಅವ್ರಿಗೆ ಹೇಳು!"

"ಸಾವಿರ ಜನರ ಮುಂದೆ ಬೇಕಾದ್ರೆ ಮಾತಾಡ್ತೀನಿ. ಅವರೊಬ್ಬರ ಮುಂದೆ... ಬೇಡ ಅಂದ್ಬಿಟ್ರೆ? ನಕ್ಬಿಟ್ರೆ?"

ಭಾಷಣ ಮುಗಿಯಿತು. ಬೆಲ್ಟಿನ ಪೆಟ್ಟಿಗೆ ಬಿಚ್ಚಿಕೊಂಡ ಸೌಂಡ್ ಟೀಮಿನ ಹುಡುಗಿಯನ್ನು ಸುಮ್ಮನೆ ಮಾತಿಗೆಂದು ಕೇಳಿದಳು, "ಈ ಹಸಿರು ದೀಪ ಯಾಕೆ ಯಾವಾಗ್ಲೂ ಉರಿಯುತ್ತೆ?"

"ಮೈಕ್ ಆನ್ ಇದೆ ಅಂತ. ನೀವು ಮಾತಾಡೋದು ಸೌಂಡಿನ ಮೇಜಿನ ಹೆಡ್‌ಫೋನಿಗೆ ಬರ್ತಿರುತ್ತೆ."

"ವೇದಿಕೆ ಹತ್ತೋಕೆ ಮುಂಚೇನೂ?"

"ಸಿಕ್ಕಿಸಿದ ಕ್ಷಣದಿಂದ."

ಗುಬ್ಬಿಯ ಕಾಲ ಕೆಳಗಿನ ನೆಲ ಕುಸಿಯಿತು! ಓಣಿ... ಶೌಚಾಲಯ... ಅಳು... ವಾಂತಿ... ಅಕ್ಕ... ಇವತ್ತಿನ ಮಾತು!

ಸಭಾಂಗಣದ ಕೊನೆಯಲ್ಲಿ ಅವನು ನಿಂತಿದ್ದ. ಹೆಡ್‌ಫೋನ್ ಕುತ್ತಿಗೆಯಲ್ಲಿತ್ತು. ಪಕ್ಕದಲ್ಲಿ ಅವನ ಇಬ್ಬರು ಜೊತೆಗಾರರು ಯಾವುದಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಯಾವುದಕ್ಕೋ! ಅವಳು ನೇರ ಅವನೆದುರು ಹೋಗಿ ನಿಂತಳು.

"ನೀವು ಕೇಳಿಸ್ಕೊಳ್ತಿದ್ರಾ? ವರ್ಷ ಪೂರ್ತಿ?"

ಅವನ ಮುಖ ಬಿಳಿಚಿಕೊಂಡಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೀವು ಅಳೋದು... ಕೇಳಿಸಿದೆ. ಲೈನ್ ಸರಿ ಇದೆಯಾ ಅಂತ ನಾನು ಕೇಳ್ತಿರ್ಲೇಬೇಕು. ಮೊದಲನೇ ದಿನವೇ ನಿಮ್ಗೆ ಹೇಳ್ಬೇಕಿತ್ತು. ಹೇಳಿದ್ರೆ ಇನ್ನೂ ಹೆದರ್ತೀರಿ ಅಂತ..."

"ಇವತ್ತು?"

"ಇವತ್ತೂ ಮೊದ್ಲು ಸ್ವಲ್ಪ..."

ಉಳಿದದ್ದು ಅವಳಿಗೆ ಬೇಕಿರಲಿಲ್ಲ. ಕಣ್ಣೀರು ಕಾಣಿಸಬಾರದೆಂದು ತಲೆ ತಗ್ಗಿಸಿ ಓಡಿದಳು. ಹಿಂದಿನಿಂದ ಅವನು ಕೂಗಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

'ಕೇಳಿಸ್ಕೊಂಡಿದಾನೆ. ಇಷ್ಟ ಅಂದಿದ್ದನ್ನ ಕೇಳಿಸ್ಕೊಂಡೂ ತುಟಿ ಬಿಚ್ಚಲಿಲ್ಲ. ಅಂದ್ರೆ ಬೇಡ ಅಂತ ತಾನೇ ಅರ್ಥ?'

*

ಕೊನೆಯ ಸಮ್ಮೇಳನ. ಮುಖ್ಯ ವೇದಿಕೆ.

ಅವಳ ಕಾಲರಿಗೆ ಮೈಕ್ ಸಿಕ್ಕಿಸಿದ್ದು ನರೆಗೂದಲಿನ ಒಬ್ಬ ಹೆಂಗಸು. ಗುಬ್ಬಿಯ ಕಣ್ಣು ಕತ್ತಲೆಯಲ್ಲೆಲ್ಲ ಹುಡುಕಾಡಿತು.

"ಅವರು... ಬಂದಿಲ್ವಾ?"

"ಬಂದಿದಾನೆ. ಕೆಳಗಿನ ಚಿಕ್ಕ ಹಾಲ್‌ಗೆ ಡ್ಯೂಟಿ ಹಾಕಿಸ್ಕೊಂಡ. ತಾನಿದ್ರೆ ನಿಮ್ಗೆ ಮಾತಾಡೋಕೆ ಆಗಲ್ಲ ಅಂದ."

'ಓಡಿಹೋಗಿದಾನೆ... ನನ್ನ ಮುಖ ನೋಡೋಕೂ ಇಷ್ಟ ಇಲ್ಲ!'

ವೇದಿಕೆ ಹತ್ತಿದಳು. ಸಾವಿರಾರು ತಲೆಗಳು. ಕಟ್ಟಕಡೆಯ ಮೇಜಿನ ಹಿಂದೆ ಯಾರೋ ಇದ್ದರು, ಯಾರೋ. ಮೊದಲ ಸಾಲಿನಲ್ಲಿ ಮೇಡಂ ಬೆರಳುಗಳನ್ನು ಹೆಣೆದು ಕೂತಿದ್ದರು. ಗುಬ್ಬಿ ಬಾಯಿಪಾಠ ಮಾಡಿದ್ದನ್ನೇ ಒಪ್ಪಿಸಿದಳು, ಕೊನೆಗೆ ಯಂತ್ರದ ವೈರು ಕಿತ್ತಳು.

ಪರದೆ ನಿಂತುಬಿಟ್ಟಿತು.

ಉಳಿದ ಎರಡು ಯಂತ್ರಗಳು ಇನ್ನು ಮುಂದೆ ಯಾರು ಮುಂದಾಳು ಎಂದು ತಮ್ಮೊಳಗೆ ತೀರ್ಮಾನಿಸಿಕೊಳ್ಳಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ಇವತ್ತು ಆಗಲಿಲ್ಲ. ಇನ್ನೂ ಆಗಲಿಲ್ಲ. ಯಾರೋ ಕೆಮ್ಮಿದರು. ಗುಬ್ಬಿಗೆ ಓಡಿಹೋಗಬೇಕು ಎನಿಸಿತು. ಪರದೆ, ಮೆಟ್ಟಿಲು, ಬಾಗಿಲು, ಬೀದಿ... ಓಡು ಗುಬ್ಬೀ, ಓಡು!

ಧ್ವನಿ ಏರಿಸಿಕೊಡಲು ಅಲ್ಲಿ ಅವನಿಲ್ಲ. ವಾಕ್ಯದ ಕೊನೆಯನ್ನು ಈ ಸಲ ತಾನೇ ಹೇಳಬೇಕು.

"ನನಗೆ ಈಗ ತುಂಬಾ ಭಯ ಆಗ್ತಿದೆ," ಎಂದಳು. ಎಲ್ಲರಿಗೂ ಕೇಳಿಸುವಂತೆ, ಪೂರ್ತಿ. "ವರ್ಷವಿಡೀ ಆಗಿದೆ. ಧೈರ್ಯವಂತರಾಗಿದ್ರೆ ನಾವು ಇದನ್ನ ಕಟ್ತಾನೇ ಇರ್ಲಿಲ್ಲ. ಒಂದೇ ಕಡೆ ಬರೆದಿಟ್ಟು ನಿಶ್ಚಿಂತೆಯಾಗಿ ಮಲಗ್ತಿದ್ವಿ. ಸ್ವಲ್ಪ ಕಾಯೋಣ. ಇವು ನಿಧಾನ ಮಾಡಬಹುದು, ಆದರೆ ಸುಳ್ಳು ಲೆಕ್ಕ ಕೊಡಲ್ಲ."

ಸಭೆಯಲ್ಲಿ ಮೆಲ್ಲಗೆ ನಗೆ ಎದ್ದಿತು. ಹಂಗಿಸುವ ನಗೆಯಲ್ಲ. ಎಲ್ಲರೂ ಅವಳ ಜೊತೆ ಕಾದರು.

ಪರದೆಯ ಮೇಲೆ ಅಂಕಿಯೊಂದು ಕದಲಿತು. ಮತ್ತೊಂದು. ಎಲ್ಲ ಲೆಕ್ಕ ಸರಿಯಾಗಿತ್ತು!

ಚಪ್ಪಾಳೆಯ ನಡುವೆ ಮೇಡಂ ಓಡಿಬಂದು ಅಪ್ಪಿಕೊಂಡರು. "ಭೇಷ್ ಕಣೇ! ಗೆದ್ದುಬಿಟ್ಟೆ!"

"ಮೇಡಂ, ಒಂದ್ನಿಮಿಷ... ಒಬ್ಬರ ಜೊತೆ ಜಗಳ ಆಡೋದಿದೆ!"

*

ಚಿಕ್ಕ ಹಾಲ್ ಖಾಲಿಯಾಗಿತ್ತು. ಅವನು ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡು ಗಡಿಬಿಡಿಯಿಂದ ಎದ್ದ.

"ಹೇಗಾಯ್ತು?" ಅವನ ಧ್ವನಿಯಲ್ಲಿ ಆತಂಕ.

"ಅದು ಬಿಡಿ! ಅಷ್ಟೆಲ್ಲ ಕೇಳಿಸ್ಕೊಂಡೂ ಒಂದು ಮಾತು ಆಡಬಾರ್ದಿತ್ತಾ ನೀವು? ಇಲ್ಲ ಅನ್ನೋದಿದ್ರೆ ಇಲ್ಲ ಅಂದುಬಿಡಿ. ಹೀಗೆ ಬಚ್ಚಿಟ್ಕೊಳ್ಳೋದಾ?"

ಅವನು ಪೆಚ್ಚಾಗಿ ನಿಂತ. "ಯಾವುದಕ್ಕೆ ಇಲ್ಲ ಅನ್ಲಿ?"

"ನಾಟಕ ಬೇಡ! ಅವತ್ತು ಅಕ್ಕನ ಹತ್ರ ನಾನು ಅಂದಿದ್ದು!"

"ನೀವು 'ಅಕ್ಕಾ' ಅಂದ ತಕ್ಷಣ ಹೆಡ್‌ಫೋನ್ ತೆಗೆದಿಟ್ಟೆ. ಯಾವಾಗ್ಲೂ ಹಾಗೇ ಮಾಡ್ತಿದ್ದೆ. ನೀವು ಒಬ್ಬರೇ ಅತ್ತಿದ್ದು ಕೇಳಿಸಿದೆ, ನಿಜ. ಅಕ್ಕ-ತಂಗಿ ಮಾತು ಒಂದೂ ಕೇಳಿಲ್ಲ. ಅದನ್ನೇ ಹೇಳೋಕೆ ಅವತ್ತು ಕೂಗಿದೆ... ನೀವು ನಿಲ್ಲಲಿಲ್ಲ."

ಅವನಿಗೆ ಗೊತ್ತಿಲ್ಲ! ಏನೂ ಗೊತ್ತಿಲ್ಲ! ಗುಟ್ಟು ಗುಟ್ಟಾಗಿಯೇ ಉಳಿದಿದೆ. 'ಏನಿಲ್ಲ ಬಿಡಿ' ಎಂದು ಈಗ ಹೊರಟುಹೋದರೆ ಮಾನ ಉಳಿಯುತ್ತದೆ. ಬಾಗಿಲು ಹಿಂದೆಯೇ ಇದೆ, ತೆರೆದೇ ಇದೆ.

ಮೇಲಿನ ಸಾವಿರಾರು ಜನರ ಎದುರು ಹುಟ್ಟಿದ ಭಯ ಇದರ ಮುಂದೆ ಏನೇನೂ ಅಲ್ಲ.

"ಏನಂದಿದ್ರಿ ಅಕ್ಕನಿಗೆ?" ಅವನು ಮೆತ್ತಗೆ ಕೇಳಿದ.

"ನೀವು ಅಂದ್ರೆ ನಂಗೆ ಇಷ್ಟ ಅಂದಿದ್ದೆ."

ಅಷ್ಟು ಹೇಳಿ ಅವಳು ಕಣ್ಣು ಮುಚ್ಚಿಕೊಂಡಳು. ನಗು ಬರಲಿಲ್ಲ. ಹೆಜ್ಜೆಯ ಸಪ್ಪಳ ಬಂತು, ಹತ್ತಿರ ಬಂದು ನಿಂತಿತು.

"ಇನ್ನೊಂದ್ಸಲ ಹೇಳ್ತೀರಾ?"

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ನಾನು ತಪ್ಪಾಗಿ ತಿಳ್ಕೊಂಡಿದ್ರೆ ಅಂತ ಭಯ. ವರ್ಷದಿಂದ ಇದೇ ಭಯ ನಂಗೆ. ನೀವು ದೊಡ್ಡ ದೊಡ್ಡ ವೇದಿಕೆಯವರು, ನಾನು ಕತ್ತಲಲ್ಲಿ ಕೂರೋನು... ಕೇಳೋಕೆ ಬಾಯೇ ಬರ್ಲಿಲ್ಲ."

ಗುಬ್ಬಿ ಕಣ್ಣು ತೆರೆದಳು. ಇಷ್ಟು ಹತ್ತಿರದಿಂದ ಅವನ ಮುಖ ನೋಡಿ ಅವಳಿಗೆ ಅಳುವೂ ಬಂತು, ನಗುವೂ ಬಂತು.

"ನೀವು ಅಂದ್ರೆ ನಂಗೆ ಇಷ್ಟ. ತುಂಬಾ."

ಅವನು ಅವಳ ಕೈ ಹಿಡಿದುಕೊಂಡ.

"ನಿಮ್ಮ ಕೈ ನಡುಗ್ತಿದೆ..."

"ನಿಮ್ದೂ."