ಕುಡುಕ ಕಾಣೆಯಾದ ಪ್ರಕರಣ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದವನ ಮೊದಲ ಮಾತೇ ಕೇಸಿನ ದಾರಿ ತಪ್ಪಿಸಿತು.

"ಸಾರ್, ನಮ್ಮ ಕುಡುಕ ಕಾಣ್ತಿಲ್ಲ."

ದೂರು ಬರೆದುಕೊಳ್ಳುವ ರೈಟರ್ ತಲೆಯೆತ್ತಲಿಲ್ಲ. "ವಯಸ್ಸು?"

"ಒಂದೂವರೆ ತಿಂಗಳು."

"ಅಷ್ಟರೊಳಗೇ ಶುರು ಹಚ್ಕೊಂಡ್ನಾ?"

ಇನ್‌ಸ್ಪೆಕ್ಟರ್ ಮೇಡಂ ಒಳಗಿನ ಕೋಣೆಯಿಂದ ಎದ್ದು ಬಂದ ಮೇಲೆ ವಿಷಯ ತಿಳಿಯಾಯಿತು. ಬಂದವನು ಒಂದು ಫ್ರಿಜ್ ರಿಪೇರಿ ವರ್ಕ್‌ಶಾಪಿನ ಯಜಮಾನರ ಕಿರಿಯಳಿಯ. ಕುಡುಕ ಎಂದರೆ ಯಂತ್ರ. ಹಳೆಯ ಫ್ರಿಜ್ಜುಗಳ ಅನಿಲ ಗಾಳಿಗೆ ಸೇರಿದರೆ ಮೇಲೇರಿ ಓಜೋನ್ ಪದರವನ್ನು ತಿನ್ನುತ್ತದೆ. ಹಾಗಾಗಲು ಬಿಡುವುದಿಲ್ಲವೆಂದು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿವೆ. ಸಹಿ ಹಾಕಿಯೂ ಕೈ ಬಿಗಿಯಿರುವ ದೇಶಗಳಿಗೆ ಅಂತರರಾಷ್ಟ್ರೀಯ ನಿಧಿಯೊಂದು ನೆರವಾಗುತ್ತದೆ. ಆ ನಿಧಿ ಕೊಟ್ಟ ಈ ಯಂತ್ರ ಫ್ರಿಜ್ಜಿನ ಅನಿಲವನ್ನು ಗಟಗಟ ಹೀರಿ ಸಿಲಿಂಡರಿಗೆ ತುಂಬುತ್ತದೆ. ಮಾವ ಮತ್ತು ಇಬ್ಬರು ಅಳಿಯಂದಿರು ತಮ್ಮೊಳಗೆ ಅದಕ್ಕಿಟ್ಟ ಹೆಸರು ಕುಡುಕ.

"ನಾಳೆ ನಿಧಿಯವರ ತಪಾಸಣೆ ಇದೆ ಮೇಡಂ. ಯಂತ್ರ ಇಲ್ಲ ಅಂದ್ರೆ ನಮ್ಮ ಪರವಾನಗಿ ರದ್ದು. ಆಕಾಶದ ತೂತು ಮುಚ್ಚೋಕೆ ಬಂದದ್ದು ನಮ್ಮ ಅಂಗಡೀನೇ ಮುಚ್ಚಿಸುತ್ತೆ."

"ಕಳ್ಳ ಒಳಗೆ ಹೇಗೆ ಬಂದ?"

"ಬರ್ಲಿಲ್ಲ. ನಾನೇ ಕಳಿಸಿಕೊಟ್ಟೆ."

ನಿನ್ನೆ ನಿಧಿಯ ಯೋಜನಾಧಿಕಾರಿಯ ದನಿಯಲ್ಲಿ ಫೋನು ಬಂದಿತ್ತು. ಅದರಂತೆ ವ್ಯಾನು ಬಂತು, ಯಂತ್ರ ಹೋಯಿತು. ಇಂದು ವಿಚಾರಿಸಿದರೆ ತಾನು ಫೋನೇ ಮಾಡಿಲ್ಲವೆಂದು ಅಧಿಕಾರಿ ಹೇಳುತ್ತಿದ್ದಾರೆ.

ವಂಚನೆಯ ಎಫ್‌ಐಆರ್ ದಾಖಲಾಯಿತು. ವರ್ಕ್‌ಶಾಪಿನಲ್ಲಿ ಪಂಚನಾಮೆ ನಡೆಯಿತು. ತಾಮ್ರದ ಕೊಳವೆಯ ಸುರುಳಿಗಳ ನಡುವೆ, ಎಣ್ಣೆ ಕಲೆಯ ನೆಲದ ಮೇಲೆ ಒಂದು ಚೌಕ ಮಾತ್ರ ಸ್ವಚ್ಛವಾಗಿತ್ತು. ಫೋನು ಬಂದದ್ದು ಪಕ್ಕದ ಬೀದಿಯ ಚಹಾದಂಗಡಿಯಿಂದ. ಅಂಗಡಿಯವನಿಗೆ ನೆನಪಿದ್ದದ್ದು ಹೆಲ್ಮೆಟ್ ಮಾತ್ರ. ವ್ಯಾನಿನವನೂ ಯಂತ್ರವನ್ನು ಮಾರುಕಟ್ಟೆಯ ಬಳಿ ಒಂದು ಹೆಲ್ಮೆಟ್ಟಿಗೇ ಒಪ್ಪಿಸಿದ್ದ.

"ಹೆಲ್ಮೆಟ್ ಅರೆಸ್ಟ್ ಮಾಡೋಣ್ವಾ ಮೇಡಂ?" ಎಂದರು ರೈಟರ್.

ಮೇಡಂ ಕಿರಿಯಳಿಯನ ಕಡೆ ತಿರುಗಿದರು. "ಫೋನಲ್ಲಿ ಏನಂದ? ಒಂದಕ್ಷರ ಬಿಡದೆ ಹೇಳಿ."

"'ನೋಡ್ರೀ, ನಾಳಿದ್ದು ತಪಾಸಣೆ. ಕುಡುಕನನ್ನ ಸರ್ವಿಸಿಗೆ ಕಳಿಸಿಬಿಡಿ' ಅಂದ್ರು."

ಮೇಡಂ ಅಲ್ಲಿಂದಲೇ ಅಧಿಕಾರಿಗೆ ಫೋನು ಮಾಡಿ, "ಕುಡುಕ ಗೊತ್ತಾ?" ಎಂದು ಕೇಳಿದರು.

ಆ ಕಡೆ ಅಧಿಕಾರಿ ದನಿ ತಗ್ಗಿಸಿದರು. "ಮೇಡಂ, ನಾನು ಬಿಟ್ಟು ಎರಡು ವರ್ಷ ಆಯ್ತು. ಯಾರು ದೂರು ಕೊಟ್ಟದ್ದು?"

ಹೆಸರು ಹೊರಗಿನವರಿಗೆ ಗೊತ್ತಿಲ್ಲ. ಹಾಗಾದರೆ ಉಳಿದವರು ಮಾವ, ಹಿರಿಯಳಿಯ. ಮಾವನ ದನಿ ಹಳೆಯ ಕಂಪ್ರೆಸರಿನದು, ಕೆಮ್ಮದೆ ಮಾತು ಶುರುವಾಗುವುದಿಲ್ಲ. ಹಿರಿಯಳಿಯನ ಬಗ್ಗೆ ಕೇಳಿದಾಗ ಕಿರಿಯಳಿಯ ಅರಳಿದ. "ನಮ್ಮ ಭಾವನಾ? ಮದುವೆ ಮನೇಲಿ ಅವರು ಯಾರ ದನಿ ತೆಗೆದ್ರೂ ಎದುರಿದ್ದೋರು ಹೊಟ್ಟೆ ಹಿಡ್ಕೋತಾರೆ!"

ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಾಡಿತು.

ಮಧ್ಯಾಹ್ನ ಮೂರಕ್ಕೆ ಮೂವರನ್ನೂ ಠಾಣೆಗೆ ಕರೆಸಿದರು. ಮಾವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಒಳಗೆ ಮೇಡಂ ಹಿರಿಯಳಿಯನನ್ನು ಏನೂ ಕೇಳಲಿಲ್ಲ. ಕಿರಿಯಳಿಯನಿಗೆ, "ಅಧಿಕಾರಿ ಹೇಗೆ ಮಾತಾಡ್ತಾರೆ, ತೋರಿಸಿ" ಎಂದರು.

ಅವನು ಕತ್ತು ಬಿಗಿಹಿಡಿದು, "ನೋಡ್ರೀ..." ಎಂದ. ಗಂಟಲಿಗೆ ಸ್ಪ್ಯಾನರ್ ಸಿಕ್ಕಂತಿತ್ತು.

"ಅಬ್ಬಾ! ಥೇಟ್ ಅವರೇ! ನಿಮ್ಮ ಕೈಗುಣದ ಜೊತೆ ಬಾಯಿಗುಣಾನೂ ಇದೆ. ಮಾವ ಮೆಚ್ಚಿದ್ದು ಸುಮ್ಮನೆ ಅಲ್ಲ." ಮೇಡಂ ಚಪ್ಪಾಳೆ ತಟ್ಟಿದರು. ಕಣ್ಸನ್ನೆ ಅರ್ಥವಾಗಿ ರೈಟರೂ ತಟ್ಟಿದರು.

ಹಿರಿಯಳಿಯನ ಕಿವಿ ಕೆಂಪೇರಿತು. ಕುರ್ಚಿಯ ಅಂಚಿಗೆ ಸರಿದ. ಎರಡನೇ ಸಲ ಚಪ್ಪಾಳೆ ಬಿದ್ದಾಗ ತಡೆಯಲಾಗಲಿಲ್ಲ.

"ಥೂ, ಇದೂ ಒಂದು ಅನುಕರಣೆನಾ? ಅವರು ಮೂಗಲ್ಲಿ ಎಳೀತಾರೆ: 'ನೋಓಡ್ರೀ, ನಾಳಿದ್ದು ತಪಾಸಣೆ, ಕುಡುಕನನ್ನ ಸರ್ವಿಸಿಗೆ...'"

ಫೋನಿನ ಆ ಮಾತುಗಳನ್ನು ಅವನಿಗೆ ಯಾರೂ ಹೇಳಿರಲಿಲ್ಲ. ರೈಟರ್ ಪೆನ್ನಿನ ಮುಚ್ಚಳ ತೆಗೆದರು.

"ಭಾವಾ..." ಎಂದ ಕಿರಿಯಳಿಯ.

ಐದಕ್ಕೆ ಹಿರಿಯಳಿಯನ ಮನೆಯಲ್ಲಿ, ಕೆಟ್ಟು ನಿಂತ ದೊಡ್ಡ ಫ್ರೀಜರಿನೊಳಗೆ ಯಂತ್ರ ಸಿಕ್ಕಿತು. ನೋವಾಗದಿರಲೆಂಬಂತೆ ಅದನ್ನು ಕಂಬಳಿಯಲ್ಲಿ ಸುತ್ತಿಟ್ಟಿದ್ದ. ಪಂಚರ ಸಹಿಯಾಗಿ ಯಂತ್ರ ಸಾಕ್ಷ್ಯವಾಗಿ ಠಾಣೆ ಸೇರಿತು. ಯಂತ್ರ ಇದ್ದಲ್ಲೇ ನೋಡಿಕೊಳ್ಳುವುದಾಗಿ ನಿಧಿಯವರು ಒಪ್ಪಿದ್ದರಿಂದ ತಪಾಸಣೆ ಠಾಣೆಯಲ್ಲೇ ಎಂದು ನಿಗದಿಯಾಯಿತು. ವರ್ಕ್‌ಶಾಪಿನ ಪರವಾನಗಿ ಉಳಿಯಿತು, ಹಿರಿಯಳಿಯನ ಬಂಧನವಾಯಿತು.

"ಮಾರೋಕಾ?" ಎಂದು ಮೇಡಂ ಲಾಕಪ್ಪಿನ ಮುಂದೆ ನಿಂತು ಕೇಳಿದರು.

"ಛೆ! ನಾಳೆ ಅವನು ನಿಧಿಯವರ ಮುಂದೆ ಬೆಪ್ಪನ ಥರ ನಿಲ್ಲಬೇಕಿತ್ತು. ಆಮೇಲೆ ನಾನೇ ಹುಡುಕಿ ತಂದುಕೊಡ್ತಿದ್ದೆ." ಹಿರಿಯಳಿಯ ನೆಲ ನೋಡಿದ. "ತಾಮ್ರದ ಬೆಸುಗೆ ಅವನಿಗೆ ಹೇಳಿಕೊಟ್ಟದ್ದು ನಾನು. ಈ ಯಂತ್ರದ ತರಬೇತಿಗೆ ಯಾರು ಅಂತ ನಿಧಿಯವರು ಕೇಳಿದಾಗ ಮಾವ ಅವನತ್ತ ಕೈ ತೋರಿಸಿದ್ರು. ನನ್ನ ತಲೆ ಫ್ರಿಜ್ಜಿನೊಳಗಿತ್ತು ಮೇಡಂ. ಕಿವಿ ಕೇಳಿಸ್ಕೊಳ್ತು."

"ಅವರು ಏನನ್ನಬೇಕಿತ್ತು?"

ಹಿರಿಯಳಿಯ ಮಾವನಂತೆಯೇ ಮೊದಲು ಕೆಮ್ಮಿ, "ನಮ್ಮ ದೊಡ್ಡಳಿಯನ ಕೈಗೆ ಸಾಟಿ ಇಲ್ಲ ಬಿಡಿ" ಎಂದ.

ಬಾಗಿಲಲ್ಲಿ ನಿಜವಾದ ಮಾವ ಬಂದು ನಿಂತಿದ್ದರು. ಹೌದೆನ್ನಲು ಬಾಯಿ ತೆರೆದರೆ ಮೊದಲು ಹೊರಟದ್ದು ಅದೇ ಕೆಮ್ಮು, ಅದೇ ಅಳತೆ, ಅದೇ ಏರಿಳಿತ. ರೈಟರ್ ಗೊಳ್ಳೆಂದರು, ಮೇಡಂ ಮುಖ ತಿರುಗಿಸಿದರು. ಲಾಕಪ್ಪಿನ ಸರಳನ್ನು ಹೊರಗಿನಿಂದ ಹಿಡಿದು, ಕಣ್ಣಲ್ಲಿ ನೀರು ಬರುವಂತೆ, ಎಲ್ಲರಿಗಿಂತ ಜೋರಾಗಿ ನಕ್ಕವನು ಮೋಸಹೋದ ಕಿರಿಯಳಿಯನೇ.