ರಿಸಲ್ಟ್ ಎಂಬ ಪದದ ಕಸಿ

ಪದಕಸಿ ಯಂತ್ರದ ಬಿಲ್ಲೆಯನ್ನು ಕಿವಿಯ ಹಿಂದೆ ಅಂಟಿಸಿಕೊಂಡು ಮಾಬುನ್ನಿ ಕಣ್ಣು ಮುಚ್ಚಿದಳು. ತೆರೆಯುವಷ್ಟರಲ್ಲಿ ಸಿಲಬಸ್, ಅಸೈನ್‌ಮೆಂಟ್, ಸ್ಕಾಲರ್‌ಶಿಪ್, ರಿವಿಜನ್, ರಿಸಲ್ಟ್ ಮುಂತಾದ ಓದಿನ ಇಂಗ್ಲಿಷ್ ಪದಗಳೆಲ್ಲ ಅವಳವೇ ಆಗಿದ್ದವು. ಕೊಪ್ಪಳದ ಕನ್ನಡ ಶಾಲೆಯಲ್ಲಿ ಓದಿ ಬಂದಿದ್ದ ಅವಳಿಗೆ ಅಂದಿನಿಂದ ಕಾಲೇಜಿನ ಪಾಠ ಅರ್ಥವಾಗತೊಡಗಿತು.

ಯಂತ್ರವನ್ನು ರೂಪಿಸಿದವರು ಡಾ. ವಿರಾಜಾ ಹೊರಕೇರಿ. ಪದವೊಂದು ಮೆದುಳಿನಲ್ಲಿ ಒಂಟಿಯಾಗಿ ಇರುವುದಿಲ್ಲ, ನೆನಪುಗಳ ಬಲೆಯಲ್ಲಿ ಸಿಕ್ಕಿಕೊಂಡಿರುತ್ತದೆ ಎಂಬುದು ಅವರ ಸಂಶೋಧನೆ. ಆದ್ದರಿಂದ ನಿಘಂಟಿನ ಪದ ಬೇರೂರದು. ಆ ಪದಗಳಲ್ಲೇ ಬದುಕಿದವರ ಮೆದುಳಿನಿಂದ ನಕಲು ತೆಗೆಯಬೇಕು. ಹುಬ್ಬಳ್ಳಿಯ ನಿವೃತ್ತ ಇಂಗ್ಲಿಷ್ ಉಪನ್ಯಾಸಕಿ ಸುಲೋಚನಾ ಕಟಗೇರಿ ಅದಕ್ಕೆ ಒಪ್ಪಿದ್ದರು. ನೆನಪುಗಳನ್ನು ಸೋಸಿ ಪದಗಳನ್ನಷ್ಟೇ ಕೊಡುತ್ತೇವೆಂದು ಹೊರಕೇರಿ ನಂಬಿದ್ದರು.

ವರ್ಷದ ಕೊನೆಗೆ ಮಾಬುನ್ನಿ ಕಾಲೇಜಿಗೇ ಮೊದಲಿಗಳಾದಳು. ತಾಯಿ ಓಣಿಗೆಲ್ಲ ಪೇಡೆ ಹಂಚಿದಳು. ಮಾಬುನ್ನಿಗೆ ಏನೂ ಅನ್ನಿಸಲಿಲ್ಲ. ಪೇಡೆ ಬಾಯಲ್ಲಿ ಕರಗಿತು, ಸಿಹಿಯೆಂದು ತಿಳಿಯಿತು, ಅಷ್ಟೆ. ಕಸಿ ಮಾಡಿಸಿಕೊಂಡ ಗೆಳತಿಯರೂ ಹಾಗೆಯೇ ಇದ್ದರು. ಪಾಸಾದವಳು ನಗಲಿಲ್ಲ, ನಪಾಸಾದವಳು ಅಳಲಿಲ್ಲ. ಪರೀಕ್ಷೆಯ ಭಯ ಹೋಯಿತೆಂದು ಕಾಲೇಜಿನವರು ಸಂತೋಷಪಟ್ಟರು.

ಮಾಬುನ್ನಿ ಪ್ರಯೋಗಾಲಯಕ್ಕೆ ಹೋಗಿ ಹೊರಕೇರಿಯವರ ಎದುರು ಕುಳಿತಳು.

"ರಿಸಲ್ಟ್ ಅಂದ ಕೂಡಲೇ ಮೈಯೆಲ್ಲ ಥಂಡಿ ಆಗ್ತದ್ರಿ. ಯಾವ್ದೋ ಹುಡುಗಿ ಹಸಿ ಕೂದಲಾ ನಾನೇ ಬಾಚ್ತಿರೋಹಂಗ ಕಾಣ್ತದ. ಆಮ್ಯಾಲ ಏನೂ ಇರಂಗಿಲ್ಲ."

ಸೋಸಿದ ಮೇಲೂ ಉಳಿದದ್ದು ಏನೆಂದು ಹೊರಕೇರಿಗೆ ಹೊಳೆಯಲಿಲ್ಲ. ಅವಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋದರು.

ಸುಲೋಚನಾ ಎಲ್ಲವನ್ನೂ ಕೇಳಿಸಿಕೊಂಡರು. ಮುಖ ಬದಲಾಗಲಿಲ್ಲ. ಮಗಳು ಶಾಲ್ಮಲಿ ಡಿಗ್ರಿ ಪರೀಕ್ಷೆ ಬರೆದು ಬಂದವಳು ಕಾಮಾಲೆಯಲ್ಲಿ ಮಲಗಿದಳೆಂದು, ಏಳಲೇ ಇಲ್ಲವೆಂದು ಪೇಪರಿನ ಸುದ್ದಿ ಓದುವವರಂತೆ ಹೇಳಿದರು. ಮೈ ತೊಳೆಸಿ, ಹಸಿ ಕೂದಲನ್ನು ತಾವೇ ಬಾಚಿ, ಮಣ್ಣು ಮಾಡಿ ಮನೆಗೆ ಬಂದ ಮೇಲೆ ಕಾಲೇಜಿನಿಂದ ಯಾರೋ ಫೋನ್ ಮಾಡಿ ಅಭಿನಂದಿಸಿದ್ದರು. ಫಸ್ಟ್ ಕ್ಲಾಸ್ ಬಂದಿತ್ತು. ಅಂದಿನಿಂದ ತಾವು ಅತ್ತಿಲ್ಲವೆಂದರು.

ಹೊರಕೇರಿ ತಲೆತಗ್ಗಿಸಿದರು. ನೋವನ್ನು ಸೋಸುವ ಜಾಲರಿ ಅವರ ಯಂತ್ರದಲ್ಲಿತ್ತು. ನೋವು ಸತ್ತುಹೋದ ಜಾಗವನ್ನು ಅದು ಗುರುತಿಸಿರಲಿಲ್ಲ. ಆ ಪದವನ್ನು ಕಿತ್ತು ಬೇರೊಬ್ಬರದನ್ನು ಕಸಿ ಮಾಡುವುದಾಗಿ ಮಾಬುನ್ನಿಗೆ ಮಾತು ಕೊಟ್ಟರು.

ಸುಲೋಚನಾ ಹುಡುಗಿಯತ್ತ ತಿರುಗಿದರು. "ನಿಂದೇನಾತು?"

"ಫಸ್ಟ್ ಬಂದೀನ್ರಿ. ಕಾಲೇಜಿಗೇ."

"ಮನ್ಯಾಗ ಖುಷಿ ಪಟ್ರೇನು?"

"ಅವ್ವ ಭಾಳ ಖುಷಿಯಾದ್ಳ್ರಿ. ನನ್ನ ಕೂಡಿಸ್ಕೊಂಡು ತಲಿ ಬಾಚಿದ್ಳು."

ಸುಲೋಚನಾ ಹುಡುಗಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಅದರ ಮೇಲೆ ಹಣೆಯೂರಿದರು. ಬೆನ್ನು ನಡುಗತೊಡಗಿತು.

ಮಾಬುನ್ನಿಗೆ ಆಗಲೂ ಏನೂ ಅನ್ನಿಸಲಿಲ್ಲ. ಕೈ ಒದ್ದೆಯಾಗುತ್ತಿರುವುದು ತಿಳಿಯುತ್ತಿತ್ತು. ಅದನ್ನು ಹಿಂದಕ್ಕೆ ಎಳೆದುಕೊಳ್ಳಬಾರದೆಂಬುದು ಮಾತ್ರ ಅವಳಿಗೆ ಗೊತ್ತಿತ್ತು.